ಅಮ್ಮನಿಗೆ ಬರುತ್ತಿದ್ದ ಲೆಕ್ಕ

ನವೆಂಬರ್ 12, ಪಿಲಾರ್ ಪಟ್ಟಣ

ಲೆಕ್ಕದಲ್ಲಿ ಮತ್ತೆ ಎರಡು. ಐದಕ್ಕೆ ಎರಡು. ಪಾಸು, ಅಷ್ಟೇ. ಅಮ್ಮ ಯಾವತ್ತೂ ಬೈಯುವುದಿಲ್ಲ, ಇವತ್ತೂ ಬೈಯಲಿಲ್ಲ. ಹೊಲಿಗೆ ನಿಲ್ಲಿಸಿ ಕುಡಿಯಲು ತಣ್ಣನೆಯ ತೆರೆರೆ ಕಷಾಯ ಕೊಟ್ಟಳು.

“ಬಿಡೇ ಮಗಳೇ ನಿಲ್ಸಾ, ನಾನೂ ದಡ್ಡೀನೇ. ನಮ್ಮ ಮನೆತನಕ್ಕೇ ಲೆಕ್ಕ ಹತ್ತಲ್ಲ.”

ಮೂರನೇ ತರಗತಿಯಲ್ಲಿ ಟೀಚರ್ ಇಡೀ ಪೀರಿಯಡ್ ಬೋರ್ಡಿನ ಮುಂದೆ ನಿಲ್ಲಿಸಿದ ದಿನ ಅಳುತ್ತಾ ಬಂದಿದ್ದೆ. ಅವತ್ತೂ ಇದೇ ಮಾತು. ಆಮೇಲೆ ಹಾಯಾಗಿದ್ದೇನೆ. ಯಾವ ಟೀಚರ್ ಲೆಕ್ಕ ಕೇಳಿದರೂ, “ವಂಶದಲ್ಲೇ ಇಲ್ಲ ಪ್ರೊಫೆ” ಎಂದು ಕೂತುಬಿಡುತ್ತೇನೆ. ಕ್ಲಾಸ್ ನಗುತ್ತದೆ.

ನವೆಂಬರ್ 20

ಪ್ರೊಫೆ ಲಿಬ್ರಾದಾ ತಡೆದು ನಿಲ್ಲಿಸಿದರು. ಈ ವರ್ಷವಷ್ಟೇ ಲೆಕ್ಕ ಕಲಿಸಲು ಬಂದವರು.

“ನಿನ್ನ ಪೇಪರ್ ನೋಡ್ದೆ. ದಾರಿ ಸರಿಯಾಗೇ ಹಿಡೀತೀಯ, ಅರ್ಧಕ್ಕೇ ಬಿಟ್ಟು ಎದ್ದು ಬರ್ತೀಯ. ಯಾಕಮ್ಮಾ? ಮುಂದಿನ ವರ್ಷ ವಿಜ್ಞಾನ ತಗೋ.”

ಮನೆಗೆ ಬಂದು ನಗುತ್ತಾ ಹೇಳಿದೆ. ಅಮ್ಮ ನಗಲಿಲ್ಲ. “ಬೇಡ. ಆಮೇಲೆ ಅಳ್ತೀಯ.”

ಮುಂದಿನ ವರ್ಷದ ಫಾರಂನಲ್ಲಿ ‘ಸಾಹಿತ್ಯ’ಕ್ಕೆ ಗುರುತು ಹಾಕಿದೆ. ಅಮ್ಮ ಸಹಿ ಮಾಡಿದಳು.

ಡಿಸೆಂಬರ್ 8, ಕಾಕುಪೆ ಮಾತೆಯ ಹಬ್ಬ

ಅಮ್ಮನ ಬಾಲ್ಯದ ಗೆಳತಿ ಒಬ್ದುಲಿಯಾ ಬಂದಿದ್ದರು. ಬಾಯಿ ತುಂಬ ಚೀಪಾ ರೊಟ್ಟಿ, ಅದರ ಜೊತೆಗೇ ಮಾತು.

“ಮಿಷನ್ನಿನ ಮಗಳು ವಿಜ್ಞಾನಾನೇ ತಗೊಂಡಿರ್ಬೇಕು, ಅಲ್ವಾ?”

“ಮಿಷನ್ನಾ?”

“ಗೊತ್ತಿಲ್ವೇ? ನಿಮ್ಮಮ್ಮ ಪೊರ್ಫಿನ ನಾವೆಲ್ಲ ಲೆಕ್ಕದ ಮಿಷನ್ ಅಂತಾನೇ ಕರೀತಿದ್ವಿ! ಮಾಸ್ತರರಿಗಿಂತ ಮುಂಚೆ ಉತ್ತರ ಹೇಳೋಳು. ರಾಜಧಾನಿಗೆ ಹೋಗಿ ಲೆಕ್ಕದ ಸ್ಪರ್ಧೆ ಗೆದ್ದು ಬಂದ್ಳಲ್ಲ! ನಿಮ್ಮ ತಾತ ಸ್ಕೂಲು ಬಿಡಿಸಿದಾಗ ಮಾಸ್ತರರು ಎರಡು ಸಲ ಮನೆಗೆ ಬಂದು ಬೇಡ್ಕೊಂಡ್ರು…”

“ಸಾಕು ಬಿಡೇ ಒಬ್ದುಲಿಯಾ.” ಅಮ್ಮ ನನ್ನ ಮುಖ ನೋಡಲಿಲ್ಲ.

ಅದೇ ದಿನ, ಸಂಜೆ 5

ದಡ್ಡಿ ಅಂತ ಯಾಕೆ ಸುಳ್ಳು ಹೇಳಿದೆ ಎಂದು ಅಮ್ಮನನ್ನು ಕೇಳಿದೆ.

“ಅವತ್ತು ನೀನು ಅಳ್ತಿದ್ದೆ ಕಣೇ. ನಂಗೆ ಬರ್ತಿತ್ತು ಅಂದಿದ್ರೆ ಇನ್ನೂ ಅಳ್ತಿದ್ದೆ. ಹಗುರಾಗ್ಲಿ ಅಂತ ಅಂದೆ.”

“ಒಂದು ದಿನಕ್ಕೆ ಸರಿ. ಆರು ವರ್ಷ?”

ಅಮ್ಮ ಗೋಡೆ ಕಡೆ ತಿರುಗಿ — “ಇಷ್ಟಪಟ್ಟಿದ್ದನ್ನ ಕಿತ್ಕೊಂಡ್ರೆ ಹೇಗಿರುತ್ತೆ ಅಂತ ನಿಂಗೊತ್ತಿಲ್ಲ. ಆರನೇ ಕ್ಲಾಸಿಗೇ ನನ್ನನ್ನ ಹೊಲಿಗೆಗೆ ಕೂರಿಸಿದ್ರು. ನಿಂಗೆ ಇಷ್ಟಾನೇ ಆಗದಿದ್ರೆ ಕಿತ್ಕೊಳ್ಳೋಕೆ ಏನಿರುತ್ತೆ?”

“ತಾತ ನಿಂದು ಕಿತ್ಕೊಂಡ್ರು. ನೀನು ನಂದು ಕಿತ್ಕೊಂಡೆ.”

ಕೆನ್ನೆಗೆ ಹೊಡೆಯಬಹುದು ಅಂದುಕೊಂಡಿದ್ದೆ. ಹೊಡೆಯಲಿಲ್ಲ.

ಡಿಸೆಂಬರ್ 17

ಒಂಬತ್ತು ದಿನ ಮಾತಿಲ್ಲ. ಪ್ರೊಫೆಯ ಮನೆಗೆ ಹೋಗಿದ್ದೆ. ಫಾರಂ ಬದಲಿಸಬಹುದಂತೆ — ಫೆಬ್ರವರಿಯಲ್ಲಿ ಲೆಕ್ಕದ ಪರೀಕ್ಷೆ ಬರೆದು ಮೂರಾದರೂ ತೆಗೆದರೆ. “ಎಲ್ಲಿಂದ ಶುರು ಮಾಡ್ಲಿ?” ಎಂದೆ. “ಎಲ್ಲಿ ಬಿಟ್ಟಿದ್ಯೋ ಅಲ್ಲಿಂದ.”

ಮೂರನೇ ತರಗತಿ. ಭಿನ್ನರಾಶಿ.

ಜನವರಿ 9

ವಿಪರೀತ ಸೆಕೆ. ಒಂದೇ ಸಮೀಕರಣದಲ್ಲಿ ಎರಡು ದಿನದಿಂದ ಸಿಕ್ಕಿಕೊಂಡಿದ್ದೇನೆ. ಬೆಳಿಗ್ಗೆ ಎದ್ದರೆ ಮೇಜಿನ ಮೇಲೆ ಒಂದು ಹಾಳೆ. ಅದೇ ಲೆಕ್ಕ, ಪೂರ್ತಿ ಬಿಡಿಸಿದ್ದು. ಅಮ್ಮನ ಅಂಕಿಗಳು. ಇಷ್ಟು ಚಂದದ ಅಂಕಿ ಅವಳ ಕೈಯಲ್ಲಿ ಎಂದೂ ನೋಡಿರಲಿಲ್ಲ. ಬಟ್ಟೆಯ ಅಳತೆಯನ್ನು ಬೇಕೆಂದೇ ಗೀಚಿ ಬರೆಯುತ್ತಿದ್ದಳೇ?

ಹರಿದು ಹಾಕಿದೆ.

ಜನವರಿ 10

ನಾನೇ ಬಿಡಿಸಿದೆ. ಬೇರೆ ದಾರಿಯಲ್ಲಿ. ಉತ್ತರ ಅದೇ. ಯಾರಿಗಾದರೂ ತೋರಿಸಬೇಕು ಅನಿಸಿತು… ಮನೆಯಲ್ಲಿ ಇದ್ದದ್ದು ಅವಳೊಬ್ಬಳೇ. ತೋರಿಸಲಿಲ್ಲ.

ಫೆಬ್ರವರಿ 12

ನಾಲ್ಕು!

ಪ್ರೊಫೆ ಬೆನ್ನು ತಟ್ಟಿದರು. ಮನೆಗೆ ಓಡಿ ಬಂದೆ. ಅಮ್ಮ ಹೊಲಿಯುತ್ತಿದ್ದಳು, ತಲೆ ಎತ್ತಲಿಲ್ಲ. “ಎಷ್ಟು?”

“ನಾಲ್ಕು.”

ಮಿಷನ್ ನಿಂತಿತು. ಅಳುತ್ತಾಳೆ, ತಬ್ಬಿಕೊಳ್ಳುತ್ತಾಳೆ ಅಂದುಕೊಂಡೆ. ಕನ್ನಡಕ ತೆಗೆದಳು.

“ಯಾವ ಲೆಕ್ಕ ತಪ್ತು? ತೋರ್ಸು.”

ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಅವಳು ಹೊರಗೇ ನಿಂತಿದ್ದಾಳೆ, ಚಪ್ಪಲಿಯ ಸದ್ದು ಕೇಳುತ್ತಿದೆ. ಈ ಮನೆಯಲ್ಲಿ ಆ ಪ್ರಶ್ನೆ ಕೇಳಿದ್ದು ಇವತ್ತೇ ಮೊದಲು. ಮೂರು ಶಬ್ದ. ಬೋರ್ಡಿನ ಮುಂದೆ ನಿಂತು ಬಂದ ಆ ದಿನವೇ ಕೇಳಬಹುದಿತ್ತು. ಅವಳಿಗೆ ಲೆಕ್ಕ ಗೊತ್ತಿತ್ತು. ಕೇಳಿದ್ದರೆ ನಾನು ‘ವಂಶದಲ್ಲೇ ಇಲ್ಲ’ ಎಂದು ಆರು ವರ್ಷ ಕೂತುಬಿಡುತ್ತಿರಲಿಲ್ಲ.