ಸರೋವರದ ಊರಿನ ಒಂಬತ್ತು ಜನ

ಬ್ರೂಕ್ಲಿನ್
ಏಪ್ರಿಲ್ 2

ಪ್ರೀತಿಯ ತಿರ್ಜಾ ಅಕ್ಕ,

ಜೆರುಸಲೇಮಿನಲ್ಲಿ ನೀನು, ಭಾವ, ಮಕ್ಕಳು ಸುಖವಾಗಿದ್ದೀರೆಂದು ನಂಬಿದ್ದೇನೆ. ಬರೆದು ತಿಂಗಳಾಯಿತು, ಬೈಯಿ, ಬೈಸಿಕೊಳ್ಳುತ್ತೇನೆ. ಪಾಸೋವರ್ ಹಬ್ಬಕ್ಕೆಂದು ಅಪ್ಪ ಈಗಲೇ ಅಡುಗೆಮನೆ ಉಜ್ಜುತ್ತಿದ್ದಾರೆ. ಅಮ್ಮನಿಲ್ಲದ ಮೊದಲ ಪಾಸೋವರ್. ಹಬ್ಬಕ್ಕೆ ಮನೆಯಲ್ಲಿ ರೊಟ್ಟಿಯ ಚೂರೂ ಉಳಿಯಬಾರದಲ್ಲ, ಕಪಾಟಿನ ಮೂಲೆಯ ರೊಟ್ಟಿಪುಡಿಯನ್ನು ಎಷ್ಟು ಗುಡಿಸಿದರೂ ಅವರಿಗೆ ಸಮಾಧಾನವಿಲ್ಲ.

ಪಿಎಚ್‌ಡಿ ವಿಷಯ ಕೇಳಿದ್ದೆಯಲ್ಲ. ಎರಡು ಕಡೆ ಸೀಟು ಸಿಕ್ಕಿತು: ಒಂದು ಇಲ್ಲೇ ನ್ಯೂಯಾರ್ಕಿನಲ್ಲಿ, ಇನ್ನೊಂದು ಉತ್ತರದ ಸರೋವರದ ಊರಿನಲ್ಲಿ. ಆ ಊರಿನವರು ಸಂದರ್ಶನವನ್ನು ಶನಿವಾರವೇ ಇಟ್ಟಿದ್ದರು! ಶನಿವಾರ ನಮಗೆ ಸಬ್ಬತ್, ಕೆಲಸ ಬಿಡುವ ದಿನ, ಕಾರು ಹತ್ತುವುದಿಲ್ಲ, ಪೆನ್ನು ಮುಟ್ಟುವುದಿಲ್ಲ ಎಂದು ಮೊದಲೇ ತಿಳಿಸಿದೆ. "ನಡೀತೀಯ ತಾನೆ? ಬಾ, ನಡೆಯೋಣ" ಎಂದರು ಹಕ್ಕಿಗಳ ಪ್ರೊಫೆಸರ್ ಲಿಂಡ್‌ಕ್ವಿಸ್ಟ್ ಮೇಡಂ. ಅರ್ಧ ಹೆಪ್ಪುಗಟ್ಟಿದ ನೀರಿನ ಸುತ್ತ ಮಧ್ಯಾಹ್ನವೆಲ್ಲ ನಡೆದೆವು. ಅದು ಸಂದರ್ಶನವೋ ವಾಯುವಿಹಾರವೋ, ನಮ್ಮ ರಬ್ಬಿಯನ್ನು ಮಾತ್ರ ಕೇಳಬೇಡ. ಮಂಜಿನೊಳಗಿಂದ ಹೆಬ್ಬಾತುಗಳು ಬರುತ್ತಲೇ ಇದ್ದವು. ಆಕಾಶ ಯಾವುದು, ನೀರು ಯಾವುದು ತಿಳಿಯುತ್ತಿರಲಿಲ್ಲ.

"ಎಷ್ಟು ಬಂದ್ವು, ಬರ್ಕೊ" ಎಂದರು.

"ಇವತ್ತು ಬರೆಯೋ ಹಾಗಿಲ್ಲ ಮೇಡಂ."

"ಹಾಗಾದ್ರೆ ತಲೇಲಿ ಇಟ್ಕೊ."

ಮೂರು ನಕ್ಷತ್ರ ಕಂಡು ಸಬ್ಬತ್ ಮುಗಿಯುವವರೆಗೆ ಇನ್ನೂರ ಹದಿನಾಲ್ಕು ಹೆಬ್ಬಾತುಗಳನ್ನು ತಲೆಯಲ್ಲಿಟ್ಟುಕೊಂಡು ದಡದಲ್ಲಿ ಕೂತಿದ್ದೆ, ಅಕ್ಕ. ಅಷ್ಟು ಸುಖವಾಗಿ ನಾನು ಎಂದೂ ಕೂತಿರಲಿಲ್ಲ.

ಅಲ್ಲಿನ ಪ್ರಾರ್ಥನಾ ಮಂದಿರಕ್ಕೆ ಬರುವವರು ಒಂಬತ್ತೇ ಗಂಡಸರು, ಎಲ್ಲರೂ ಮುದುಕರು. ಕಡ್ಡಿಷ್‌ಗೆ ಹತ್ತು ಜನ ಬೇಕೇ ಬೇಕಲ್ಲ, ನಾನು ಹೋದದ್ದರಿಂದ ಹತ್ತಾಯಿತು. ತೀರಿಹೋದ ಅಮ್ಮನಿಗಾಗಿ ಆ ಪ್ರಾರ್ಥನೆ ಹೇಳಿದೆ. ಅವರಲ್ಲೊಬ್ಬರು, ಝೆಲಿಗ್ ಅಜ್ಜ, ತೋಳು ಹಿಡಿದು ಬಿಡಲೇ ಇಲ್ಲ: "ಇಲ್ಲೇ ಬಂದ್ಬಿಡಪ್ಪ. ಪಿಎಚ್‌ಡಿ ಹತ್ತು ವರ್ಷ ಮಾಡು, ಯಾರಿಗೇನು ಅವಸರ?"

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. "ಆ ಮುದುಕರಲ್ಲಿ ಒಬ್ಬನಿಗೆ ನೆಗಡಿ ಆದ್ರೆ ಹತ್ತು ಜನರನ್ನ ಎಲ್ಲಿಂದ ತರ್ತೀಯೊ? ನಿಮ್ಮಮ್ಮನ ಕಡ್ಡಿಷ್ ನಿಂತೇಹೋಗುತ್ತೆ. ಇಲ್ಲಿ ಬೀದಿಗೆರಡು ಮಂದಿರ ಇವೆ" ಎಂದರು. ನಾನೂ ಹೌದು ಎಂದೆ. ನಿನ್ನೆ ನ್ಯೂಯಾರ್ಕಿನವರಿಗೆ ಒಪ್ಪಿಗೆ ಕಳಿಸಿದೆ. ಬರುವುದಿಲ್ಲವೆಂದು ಮೇಡಂಗೂ ಬರೆದೆ.

ಮಕ್ಕಳಿಗೆ ಮುತ್ತು. ದೇವರು ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ ತಮ್ಮ,
ಎಲ್ಕಾನಾ

ತಾ.ಕ.: ಕಡ್ಡಿಷ್ ಹೇಳುವುದು ಹನ್ನೊಂದು ತಿಂಗಳು ಮಾತ್ರ. ಅಮ್ಮ ಹೋದದ್ದು ಆಗಸ್ಟಿನಲ್ಲಿ, ಜುಲೈಗೆ ಮುಗಿಯುತ್ತದೆ. ತರಗತಿ ಶುರುವಾಗುವುದು ಸೆಪ್ಟೆಂಬರಿನಲ್ಲಿ. ಇದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಎದುರೆದುರು ಕೂತಿದ್ದರೂ ಇಬ್ಬರೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ, "ನನ್ನೊಬ್ಬನನ್ನೇ ಬಿಟ್ಟು ಹೋಗಬೇಡ" ಎಂದು ಅಪ್ಪ ನನ್ನನ್ನು ಕೇಳಬೇಕಾಗುತ್ತಿತ್ತು.