ಭೂಮಿಯ ನೆತ್ತಿಯ ಮೇಲಿಂದ

ಅಮ್ಮಾ,

ನೀನಿಲ್ಲದ ಮನೆಗೆ ಇವತ್ತು ನನ್ನ ಪುಟ್ಟಿಯನ್ನು ಕರೆತಂದೆ. ಹದಿಮೂರು ಸಾವಿರ ಕಿಲೋಮೀಟರ್, ಹದಿನಾರು ಗಂಟೆ. "ಎಳೇ ಕೂಸು ಅಷ್ಟು ಹೊತ್ತು ತಡ್ಕೊಳ್ಳಲ್ಲಮ್ಮ, ಮುಂದಿನ ವರ್ಷ ನೋಡೋಣ" ಎಂದು ನಿನಗೆ ಫೋನಿನಲ್ಲಿ ಹೇಳುತ್ತಿದ್ದೆನಲ್ಲ, ಅದೇ ದಾರಿ. ಅವಳು ಹಾಲು ಕುಡಿದಳು, ಪಕ್ಕದವರ ಕನ್ನಡಕ ಕಿತ್ತಳು, ಗಡದ್ದಾಗಿ ನಿದ್ದೆ ಹೊಡೆದಳು. ರೆಪ್ಪೆ ಮುಚ್ಚದೆ ಕೂತವಳು ನಾನೊಬ್ಬಳೇ. ವಿಮಾನ ಭೂಮಿಯ ನೆತ್ತಿಯ ಮೇಲೇ ಹಾದುಬಂತು. ಕೆಳಗೆ ಕಣ್ಣು ಹೋದಷ್ಟೂ ಹಿಮ, ಅಂಚಿನಲ್ಲಿ ಮುಳುಗಲೊಲ್ಲದ ಸೂರ್ಯ. ಇಷ್ಟು ದೊಡ್ಡ ಭೂಮಿಯನ್ನು ಈ ಪುಟ್ಟ ಜೀವ ನನ್ನ ತೊಡೆಯ ಮೇಲೆ ಮಲಗಿಕೊಂಡೇ ದಾಟುತ್ತಿದೆಯಲ್ಲ ಎಂದು ಮೈ ಜುಮ್ಮೆಂದಿತು.

ವಿಮಾನ ನಿಲ್ದಾಣದಲ್ಲಿ ಅಣ್ಣ ಅವಳನ್ನು ಎತ್ತಿಕೊಂಡು, "ಅಷ್ಟು ದೂರದಿಂದ ಬಂದ್ರೂ ನಮ್ಮ ರಾಣಿ ಒಂಚೂರೂ ಬಾಡಿಲ್ಲ ನೋಡೇ" ಎಂದ. ನಾನು ಬ್ಯಾಗು ಹುಡುಕುವ ನೆಪದಲ್ಲಿ ಆ ಕಡೆ ತಿರುಗಿಕೊಂಡೆ.