ಏಳನೇ ಆರೋಗ್ಯವಂತ

ಆರ್ಹುಸ್, ಗುರುವಾರ

ಟೋರ್ಕಿಲ್ ಅವರೇ,

ಯಂತ್ರ ಕೆಟ್ಟಿದೆ, ಏಳನೇ ಆರೋಗ್ಯವಂತನ ಅಂಕಿಯನ್ನು ಪಟ್ಟಿಯಿಂದ ತೆಗೆದುಬಿಡು ಎಂದು ಚೀಟಿ ಇಟ್ಟಿದ್ದೀರಿ. ತೆಗೆದಿದ್ದೇನೆ. ಆದರೆ ಯಂತ್ರ ಕೆಟ್ಟಿಲ್ಲ. ಅದೇ ರಕ್ತವನ್ನು ಮೂರು ಸಲ ಪರೀಕ್ಷಿಸಿದೆ. ಮೂರು ಸಲವೂ ಯಕೃತ್ತಿನ ಉರಿಯೂತದ ಮಟ್ಟ ನಮ್ಮ ರೋಗಿಗಳದ್ದಕ್ಕಿಂತ ಹೆಚ್ಚೇ ಇತ್ತು.

ರೋಗಿಗಳ ರಕ್ತದೊಂದಿಗೆ ಹೋಲಿಸಲು ನಮ್ಮ ಆರೋಗ್ಯವಂತ ಸಿಬ್ಬಂದಿ ಕೊಡುವ ರಕ್ತ ಯಾರದ್ದೆಂದು ಕೇಳಬಾರದು; ನೀವೇ ಮಾಡಿದ ನಿಯಮ. ನಾನು ಕೇಳಿಲ್ಲ. ಆದರೆ ಅಂದು ಆರೇ ಜನ ಸಿಕ್ಕಿ ಒಬ್ಬರು ಕಡಿಮೆ ಬಿದ್ದಾಗ ನಿಮ್ಮ ಕೋಣೆಯಿಂದಲೇ ಎದ್ದು ಬಂದು ಅಂಗಿಯ ತೋಳು ಮಡಚಿ, "ತಗೊಳ್ಳೇ ಇಂಗರ್‌ಲಿಸೆ, ಕಲ್ಲು ತಿಂದು ಕರಗಿಸೋ ಮೈ ಇದು!" ಅಂದವರಿಗೆ ಸೂಜಿ ಚುಚ್ಚಿದ್ದು ನಾನೇ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ನಾಲ್ಕನೇ ಮಹಡಿಯ ವೈದ್ಯರ ಹತ್ತಿರ ಸಮಯ ಕೇಳಿಟ್ಟಿದ್ದೇನೆ. ಏಳನೆಯವರಿಗೆ ತಿಳಿಸಿ. ಖಾಲಿ ಹೊಟ್ಟೆಯಲ್ಲಿ ಬರಲಿ.

ಬರದಿದ್ದರೆ ಮಂಗಳವಾರ ಆ ಅಂಕಿಯನ್ನು ಪಟ್ಟಿಗೆ ಮತ್ತೆ ಸೇರಿಸುತ್ತೇನೆ, ಈ ಸಲ ಹೆಸರಿನ ಸಮೇತ.

ಇಂಗರ್‌ಲಿಸೆ